ಗೋಡೆಯ ಮೇಲಿನ ಅಳತೆ

“ಗೋಡೆಗೆ ಬಣ್ಣ ಬಳೀರಿ ಸಾರ್, ಬೇಡ ಅನ್ನಲ್ಲ. ಆಯಮ್ಮನ ಟೇಪಿಗೆ ಮಾತ್ರ ಮೈ ಕೊಡಬೇಡಿ” ಎಂದ ಪಂಕ್ಚರ್ ಅಂಗಡಿಯವನು. ಅವನ ಕೈ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದಿತ್ತು. ಕಣ್ಣು ಎದುರಿನ ಟೈಲರಮ್ಮನ ಅಂಗಡಿಯ ಮೇಲಿತ್ತು.

ಸರ್ವೆಯರ್ ನಕ್ಕುಬಿಟ್ಟ. ಮೂರು ಹೆದ್ದಾರಿಗಳಿಗೆ ಅಳತೆ ಹಿಡಿದಿದ್ದ ಮನುಷ್ಯ. ಶಾಪ ಹಾಕಿದವರನ್ನೂ ಮಣ್ಣು ತೂರಿದವರನ್ನೂ ಬೇಕಾದಷ್ಟು ಕಂಡಿದ್ದ. “ನನ್ನ ಟೇಪಿಗಿಂತ ಉದ್ದ ಇದೆಯೇನಯ್ಯಾ ಅದು?” ಎಂದು ಕೇಳಿ, ಬೇಲಿತಂತಿಗೆ ಸಿಕ್ಕಿ ಹರಿದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿದ. ಮರುದಿನ ಮೇಲಧಿಕಾರಿಗಳು ಬರುವವರಿದ್ದರು.

ಆ ರಸ್ತೆಯಲ್ಲಿ ಲಾರಿಗಳು ನಿಲ್ಲುತ್ತಿದ್ದವು. ನಿಂತದ್ದರಿಂದಲೇ ಪಂಕ್ಚರ್ ಅಂಗಡಿ, ಚಹಾದಂಗಡಿ, ಡ್ರೈವರುಗಳ ಅಂಗಿ ಮತ್ತು ಸೀಟಿನ ಕವರ್ ಹೊಲಿಯುವ ಟೈಲರಮ್ಮ, ಎಲ್ಲರ ಹೊಟ್ಟೆಯೂ ತುಂಬುತ್ತಿತ್ತು. ಮೊದಲ ನಕ್ಷೆಯಲ್ಲಿ ಹೆದ್ದಾರಿ ಇವರ ಹಿತ್ತಲಾಚೆಯ ಪಾಳುಬಯಲಿನ ಮೇಲೆ ಹೋಗುತ್ತಿತ್ತು. ಅಂಗಡಿಗಳು ಉಳಿದು, ಗಿರಾಕಿ ಇನ್ನೂ ಹೆಚ್ಚುತ್ತಿತ್ತು. ಅಷ್ಟರಲ್ಲಿ ಆ ಬಯಲನ್ನು ಸರ್ವೆಯರನ ಭಾಮೈದ ಕೊಂಡ. ನಕ್ಷೆಯ ಗೆರೆ ಸರಿಯಿತು. ಈಗ ಅಂಗಡಿಗಳು ರಸ್ತೆಯ ಹೊಟ್ಟೆಯೊಳಗೆ, ಬಯಲು ರಸ್ತೆಯ ಮಗ್ಗುಲಿಗೆ. ಅಲ್ಲಿ ಪೆಟ್ರೋಲ್ ಬಂಕ್ ಏಳುವುದಿತ್ತು. ಕಟ್ಟಡದ ಮಾಲೀಕರಿಗೆ ಪರಿಹಾರ ಸಿಕ್ಕಿತು. ಬಾಡಿಗೆಯವರಿಗೆ ಏನೂ ಇಲ್ಲ. “ನಿಮ್ಮ ಪಾಲಿನ ಯೋಚನೆ ನನಗೆ ಬಿಡಿ ಭಾವ” ಎಂದಿದ್ದ ಭಾಮೈದ. ಸರ್ವೆಯರ್ ಬಿಟ್ಟಿದ್ದ.

ಅಂಗಡಿಯೊಳಗೆ ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಮೆಷಿನ್ ಎಣ್ಣೆಯ, ಸೀಮೆಸುಣ್ಣದ, ಬಹಳ ದಿನ ಮಡಚಿಟ್ಟ ಬಟ್ಟೆಯ ವಾಸನೆ. ಬೀದಿಬದಿಯ ಗೋಡೆಯ ತುಂಬ ಸೀಮೆಸುಣ್ಣದ ಅಂಕಿಗಳು. ಬಟ್ಟೆ ಒಯ್ದವರ ಅಳತೆಯನ್ನು ಟೈಲರಮ್ಮ ಅಂದೇ ಅಳಿಸುತ್ತಿದ್ದಳು. ಅದು ಅವಳ ಪದ್ಧತಿ. ಆ ಗೋಡೆಯ ಹೊರಮೈಗೆ ಸರ್ವೆಯರನೇ ಬೆಳಿಗ್ಗೆ ಕೆಡವುವ ಕೆಂಪು ಗುರುತು ಹಾಕಿಸಿದ್ದ.

ಅವಳು ಕುಕ್ಕರುಗಾಲಲ್ಲಿ ಕೂತು ಅವನ ಎಡಗಾಲಿನ ಹೆಬ್ಬೆರಳಿಗೆ ಟೇಪಿನ ತುದಿ ಹಚ್ಚಿದಳು. ಟೇಪು ತಣ್ಣಗಿತ್ತು.

“ಪ್ಯಾಂಟಿಗೆ ಹೆಬ್ಬೆರಳಿನ ಅಳತೆ ಯಾಕಮ್ಮ?”

“ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ.” ಟೇಪು ಮಂಡಿ ದಾಟಿತು, ಸೊಂಟ ದಾಟಿತು, ಎದೆಯ ಹತ್ತಿರ ನಿಂತಿತು. “ಗೆರೆ ಸರಿಸಿದ್ದು ಯಾರು ಸಾರ್?”

“ಸರ್ಕಾರ.”

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡಳು. ಗೋಡೆಗೆ ತಿರುಗಿ ಅಂಕಿ ಬರೆದಳು. ಸಂಜೆಗೆ ಪ್ಯಾಂಟು ಸಿದ್ಧವಾಗಿತ್ತು, ಹೊಲಿಗೆಯೂ ಚೊಕ್ಕವಾಗಿತ್ತು. ಅವನ ಅಳತೆಯನ್ನು ಮಾತ್ರ ಅವಳು ಅಳಿಸಲಿಲ್ಲ.

ಆ ಭಾನುವಾರ ಮಗಳು ಎಂದಿನಂತೆ ಅವನ ಅಂಗಾಲಿಗೆ ಕಚಗುಳಿಯಿಟ್ಟು ಎಬ್ಬಿಸಲು ನೋಡಿದಳು. ಅವನು ಏಳಲಿಲ್ಲ. “ಅಪ್ಪಾ, ನಗಲ್ವಾ?” ಎಂದು ಅವಳು ಮುಖ ಸಪ್ಪೆ ಮಾಡಿಕೊಂಡಾಗಲೇ ಅವನಿಗೆ ಗೊತ್ತಾದದ್ದು. ಎಡಪಾದ ಮರಗಟ್ಟಿತ್ತು.

ಡಾಕ್ಟರು ಸೂಜಿ ಚುಚ್ಚಿ ನೋಡಿ, ನರದ ದೌರ್ಬಲ್ಯ ಎಂದು ಮಾತ್ರೆ ಬರೆದರು. ಹೊಸ ಗೆರೆಯ ಮೇಲೆ ಒಂದೊಂದು ಗಡಿಕಲ್ಲು ನೆಟ್ಟಾಗಲೂ ಜೋಮು ಒಂದೊಂದು ಬೆರಳಗಲ ಮೇಲೇರಿತು. ಕಣಕಾಲು. ಮಂಡಿ. ಒಂದು ಸಂಜೆ ಬೂಟು ಬಿಚ್ಚಿದರೆ ಒಳಗೆಲ್ಲ ರಕ್ತ. ಮೊಳೆಯೊಂದು ಅಂಗಾಲಿಗೆ ಹೊಕ್ಕು ಇಡೀ ದಿನ ಅಲ್ಲೇ ಕೂತಿತ್ತು. ಹೆದರಬೇಕು ಎಂದು ಅವನಿಗೆ ಅನ್ನಿಸಿತು. ಹೆದರಿಕೆ ಬರಲಿಲ್ಲ. ಹೆಂಡತಿ ಅತ್ತಳು, ಅದನ್ನೂ ಅವನು ಕಿಟಕಿಯಾಚೆಯ ಗದ್ದಲ ಕೇಳಿದಂತೆ ಕೇಳಿದ. ಸ್ಪರ್ಶವಿಲ್ಲದ ಆ ಕಾಲಿನೊಳಗೆ ಒಂದೇ ಒಂದು ಸದ್ದಿತ್ತು: ಹೊಲಿಗೆ ಮೆಷಿನ್ನಿನ ಕಟಕಟ. ಅದು ದಿನಕ್ಕಿಷ್ಟು ಎದೆಯ ಕಡೆಗೆ ಬರುತ್ತಿತ್ತು.

ಸೊಂಟ ಮುಟ್ಟಿದ ದಿನ ಕೋಲೂರಿಕೊಂಡು ಟೈಲರಮ್ಮನ ಬಾಗಿಲಿಗೆ ಹೋದ. ಬೀದಿ ಅರ್ಧ ಖಾಲಿಯಾಗಿತ್ತು. ಆಚೆ ತುದಿಯಲ್ಲಿ ಜೆಸಿಬಿ ಗೊರಗೊರ ಎನ್ನುತ್ತಿತ್ತು.

“ಅಳಿಸಮ್ಮ.”

“ಗೆರೆ ಮೊದಲಿದ್ದ ಕಡೆ ಹಾಕಿ. ಈ ಕ್ಷಣ ಅಳಿಸ್ತೀನಿ.”

ಹಾಕಬಹುದಿತ್ತು. ಒಂದು ಕಾಗದ, ಒಂದು ತಪ್ಪೊಪ್ಪಿಗೆ, ಕೆಲಸ ಹೋಗುತ್ತಿತ್ತು. “ಅದು ಆಗಲ್ಲ” ಎಂದ ಅವನು. “ಬೇರೆ ದಾರಿ ಹೇಳು.”

ಟೈಲರಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡಳು. “ಬೇರೆಯವರಿಗೆ ಹಚ್ಚಬಹುದು. ಆ ಬಯಲು ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ. ಯಾರದ್ದು ಅಂತ ಕೇಳ್ಕೊಂಡು ಬನ್ನಿ ಸಾರ್.”

“ನನಗೆ ಗೊತ್ತು.” ಭಾಮೈದ ಗಟ್ಟಿ ಆಳು. ದುಡ್ಡಿದೆ, ದೊಡ್ಡ ಡಾಕ್ಟರಿಗೆ ತೋರಿಸಿಕೊಳ್ಳುತ್ತಾನೆ.

“ಕೇಳ್ಕೊಂಡು ಬನ್ನಿ. ಗೋಡೆ ಇರೋ ತನಕ ತಿದ್ದಬಹುದು. ಆಮೇಲೆ ನನ್ನ ಕೈಲೂ ಆಗಲ್ಲ.”

“ಗೊತ್ತು ಅಂದೆನಲ್ಲ! ಹಚ್ಚು!”

ಅವಳು ಅಂಗೈಯಿಂದ ಒರೆಸಿದಳು. ಹೊಸದಾಗಿ ಬರೆದಳು. ಅಂಕಿಗಳು ಯಾಕೋ ಚಿಕ್ಕವಿದ್ದವು. ಅವನು ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕಾಲಿಗೆ ಬಿಸಿ ಹತ್ತಿತ್ತು. ಮೊಳೆಯ ಗಾಯ ಧಗ್ಗೆಂದಿತು. ಆ ನೋವು ಎಷ್ಟು ಸುಖವೆನಿಸಿತೆಂದರೆ ಅವನು ಹೊಸಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಎದ್ದವನಿಗೆ ಮೊದಲು ಹೊಳೆದದ್ದು ಒಂದೇ. ಈ ಗೋಡೆ ಇರುವವರೆಗೆ ಇವಳು ಮತ್ತೆ ತನ್ನ ಅಳತೆ ಬರೆಯಬಹುದು. ಕೋಲು ಬಿಸಾಡಿ ಬೀದಿಯ ತುದಿಗೆ ಹೋದ. “ಮೊದಲು ಆ ಟೈಲರ್ ಅಂಗಡಿ” ಎಂದ ಜೆಸಿಬಿಯವನಿಗೆ. “ಈಗಲೇ.”

ಟೈಲರಮ್ಮ ಮೆಷಿನ್ನನ್ನು ಹೊರಗೆ ಎಳೆದುಕೊಳ್ಳುವಷ್ಟು ಹೊತ್ತು ಸಿಕ್ಕಿತು. ಕೆಂಪು ಗುರುತಿನ ಗೋಡೆ ಒಂದೇ ಏಟಿಗೆ ಒಳಮುಖವಾಗಿ ಬಿತ್ತು. ಧೂಳೆದ್ದಿತು. ಸೀಮೆಸುಣ್ಣ ಯಾವುದು, ಸುಣ್ಣ ಯಾವುದು ಎಂದು ಗೊತ್ತಾಗದಂತೆ ಎಲ್ಲ ಬೆಳ್ಳಗಾಯಿತು.

ಫೋನು ಬಂತು. ಭಾಮೈದ. ದನಿಯಲ್ಲಿ ಎಂದಿನ ಚುರುಕು, ಗಟ್ಟಿತನ.

“ಭಾವ, ಇವತ್ತು ಪುಟ್ಟಿ ಹುಟ್ಟಿದಹಬ್ಬ ಅಲ್ವಾ, ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಬಯಲು ಪೂರ್ತಿ ಅವಳ ಹೆಸರಲ್ಲೇ ಇದೆ. ನಿಮ್ಮ ಹೆಸರಲ್ಲಿ ಮಾಡಿದ್ರೆ ನಾಳೆ ಯಾರಾದ್ರೂ ಕೇಳ್ತಾರೆ. ಸೋದರಮಾವ ಕೊಟ್ಟಿದ್ದು ಅಂದ್ರೆ ಯಾರು ಕೇಳ್ತಾರೆ? ತಗೊಳ್ಳಿ, ಅವಳೇ ಮಾತಾಡ್ಬೇಕಂತೆ.”

“ಅಪ್ಪಾ.” ಮಗಳ ದನಿಯಲ್ಲಿ ಏರಿಳಿತವಿರಲಿಲ್ಲ. “ಮಾವ ಕಾಲಿಗೆ ಕಚಗುಳಿ ಇಟ್ರು. ಅಮ್ಮಾನೂ ಇಟ್ರು. ನಂಗೆ ನಗು ಬರ್ತಿಲ್ಲ.”

ಓಡಿದ. ಬಿದ್ದ. ಇಟ್ಟಿಗೆಗಳನ್ನು ಬರಿಗೈಯಲ್ಲಿ ಕಿತ್ತು ಕಿತ್ತು ಹಾಕಿದ. ಒಂದು ಚೂರಿನಲ್ಲಿ ಅರ್ಧ ಅಂಕಿ. ಇನ್ನೊಂದರಲ್ಲಿ ಬರೀ ಗೆರೆ. ಉಗುರು ಕಿತ್ತುಹೋಯಿತು. “ಟೈಲರಮ್ಮಾ!” ಎಂದು ಕೂಗಿದ. “ಗೆರೆ ಸರಿಸ್ತೀನಿ! ಮೊದಲಿದ್ದಲ್ಲಿಗೇ ಹಾಕ್ತೀನಿ!”

“ಹೋದ್ರು ಸಾರ್” ಎಂದ ಪಂಕ್ಚರ್ ಅಂಗಡಿಯವನು, ತನ್ನ ಸಾಮಾನು ಗಂಟು ಕಟ್ಟುತ್ತಾ. “ಮೆಷಿನ್ ಹಾಕ್ಕೊಂಡು ಯಾವುದೋ ಲಾರಿ ಹತ್ತಿದ್ರು. ಎಲ್ಲಿಗೆ ಹೋಗೋ ಲಾರಿ ಅಂತ ನಾನು ನೋಡ್ಲಿಲ್ಲ.”

ಸರ್ವೆಯರ್ ಇಟ್ಟಿಗೆಯ ರಾಶಿಯ ಮೇಲೆ ನಿಂತ. ಎಡಗಾಲಿಗೆ ಪ್ರತಿಯೊಂದು ಚೂರೂ ಚುಚ್ಚುತ್ತಿತ್ತು. ಫೋನಿನಲ್ಲಿ ಮಗಳು ಇನ್ನೂ ಇದ್ದಳು.

“ಅಪ್ಪಾ, ಕಾಲಲ್ಲಿ ಏನೋ ಕಟಕಟ ಅಂತಿದೆ” ಎಂದಳು.