ಹಮಾಮಿನ ಹೊಸ್ತಿಲಲ್ಲಿ ಒಂದು 'ಅಕ್ಕಾ'

ಪೆರಿಹಾನ್ ಮೊಣಕಾಲೂರಿ ತಾನು ಕೆಲಸ ಮಾಡುವ ಹಮಾಮಿನ, ಅಂದರೆ ಊರಿನ ಬಿಸಿನೀರ ಸ್ನಾನಗೃಹದ, ಹೊಸ್ತಿಲು ಉಜ್ಜುತ್ತಿದ್ದಳು. ಅರ್ಧ ತೆರೆದ ಬಾಗಿಲಿನ ಮೊಳೆಗೆ ಕೆಂಪು ಚೌಕುಳಿ ಬಟ್ಟೆ ಆಗಲೇ ತೂಗುಬಿದ್ದಿತ್ತು. ಆ ಬಟ್ಟೆ ಅಲ್ಲಿದ್ದರೆ ಒಳಗೆ ಹೆಂಗಸರ ಹೊತ್ತು ಎಂದು ಅಮಾಸ್ಯಾ ಊರಿನ ಬೆಕ್ಕಿಗೂ ಗೊತ್ತು.

"ಅಕ್ಕಾ!"

ಗಂಡಸಿನ ದನಿ! ಅವಳ ಕೈಯಿಂದ ಬ್ರಷ್ಷು ಜಾರಿತು.

"ಯಾರ್ರೀ ಅದು? ಬಟ್ಟೆ ಕಾಣಿಸ್ಲಿಲ್ವಾ? ಕಣ್ಣು ಮನೇಲಿ ಬಿಟ್ಟು ಬಂದಿದ್ದೀರಾ?"

"ಕಾಣಿಸ್ತು ಅಕ್ಕಾ! ಅದಕ್ಕೇ ಗೋಡೆ ಕಡೆ ತಿರುಗಿ ನಿಂತಿದೀನಿ. ಒಳಗೆ ನೋಡ್ತಿಲ್ಲ, ದೇವರಾಣೆ!"

ಬಾಗಿಲ ಸಂದಿಯಿಂದ ಪೆರಿಹಾನ್ ಇಣುಕಿದಳು. ಅಗಲವಾದ ಒಂದು ಬೆನ್ನು. ಹಿಂದಕ್ಕೆ ಚಾಚಿದ ಕೈಯಲ್ಲಿ ಆರು ವರ್ಷದ ಹುಡುಗಿಯೊಬ್ಬಳ ಕೈ. ಹುಡುಗಿಯ ತಲೆಗೂದಲೋ... ಗುಬ್ಬಿ ಕೂಡ ಇನ್ನೂ ಚೆನ್ನಾಗಿ ಗೂಡು ಕಟ್ಟುತ್ತದೆ!

"ಹಬ್ಬದ ರಜೆಗೆ ಮೆರ್ಸಿನ್‌ನಿಂದ ಬಂದಿದೀವಿ," ಬೆನ್ನು ಮಾತಾಡಿತು. "ಇವಳು ಇಪೆಕ್. ತಲೆಗೆ ನೀರು ಅಂದ್ರೆ ಊರು ಒಂದು ಮಾಡ್ತಾಳೆ. ಇವಳ ಅಮ್ಮ ತೀರಿಕೊಂಡು ಮೂರು ವರ್ಷ ಆಯ್ತು. ನಾನು ಬಂದರಿನಲ್ಲಿ ಕ್ರೇನ್ ನಡೆಸೋನು. ಹಡಗಿನಿಂದ ಎಂಥಾ ಪೆಟ್ಟಿಗೆ ಬೇಕಾದ್ರೂ ಎತ್ತಿ ಇಡ್ತೀನಿ ಅಕ್ಕಾ, ಈ ಜಡೆ ಮಾತ್ರ ನನ್ನ ಕೈಲಿ ಆಗಲ್ಲ."

ಪೆರಿಹಾನ್‌ಗೆ ನಗು ಬಂತು. ಬಾಗಿಲು ಪೂರ್ತಿ ತೆರೆದು ಹುಡುಗಿಯ ಕೈ ಹಿಡಿದಳು.

"ಒಂದು ಗಂಟೆ ಬಿಟ್ಟು ಬನ್ನಿ."

ಮಗಳ ಕೈ ಬಿಡುವಾಗ ಅವನು ಅರಿವಿಲ್ಲದೆ ತಿರುಗಿದ. ಮೊಣಕೈವರೆಗೆ ಸೋಪಿನ ನೊರೆ, ಹಣೆಗೆ ಅಂಟಿದ ಒದ್ದೆ ಕೂದಲು, ಇನ್ನೂ ಆರದ ನಗು... ಅವನು ನಿಂತಲ್ಲೇ ನಿಂತ. ಕಿವಿಯ ಮೇಲೆ ಒಂದಿಷ್ಟು ನರೆ ಇದ್ದ ಆ ಮುಖ ಹುಡುಗನ ಹಾಗೆ ಕೆಂಪಾಯಿತು.

"ಆ... ಆಯ್ತು, ಅಕ್ಕಾ," ಎಂದು ತೊದಲಿ, ಬೀದಿಯಲ್ಲಿ ಹಣ್ಣಿನ ಗಾಡಿಗೆ ಡಿಕ್ಕಿ ಹೊಡೆದುಕೊಂಡೇ ಹೋದ.

ಪೆರಿಹಾನ್‌ಳ ನಗು ಆರಿತು. 'ಅಕ್ಕನಾ? ಕಂಡ ಮೇಲೂ? ನನಗೆ ಮೂವತ್ತಮೂರು. ಅವನಿಗೆ ನಲವತ್ತು ಹತ್ತಿರ. ನಾನು ಅಕ್ಕನಾ!'

ಒಳಗಿನ ಬಿಸಿಕೋಣೆಯಲ್ಲಿ ಇಪೆಕ್ ಅಮೃತಶಿಲೆಯ ಕಟ್ಟೆಯ ಅಂಚಿಗೆ ಒತ್ತಿಕೊಂಡು ಕುಳಿತಳು. ತಾಮ್ರದ ಬಟ್ಟಲು ಕಂಡದ್ದೇ ತುಟಿ ನಡುಗಿತು.

"ನೀರು ಹಾಕಲ್ಲ, ಕಂದಾ. ನೀನು 'ಹಾಕಿ' ಅಂದಾಗ ಮಾತ್ರ. ಆಗಬಹುದಾ?"

ಪೆರಿಹಾನ್ ಒಂದು ಅಂಗೈಯನ್ನು ಮಗುವಿನ ಹಣೆಗೆ ಕಟ್ಟೆಯ ಹಾಗೆ ಅಡ್ಡ ಇಟ್ಟಳು. ಇನ್ನೊಂದು ಕೈಯಿಂದ ಕುತ್ತಿಗೆ ಹಿಡಿದಳು. ಕಾದಳು. ಗುಮ್ಮಟದ ಗಾಜುಗಳಿಂದ ಇಳಿದ ಬಿಸಿಲ ಕೋಲುಗಳು ಜರುಗಿದವು.

"...ಹಾಕಿ," ಎಂದಿತು ಸಣ್ಣ ದನಿ.

ಕಣ್ಣಿಗೆ ಒಂದು ಹನಿಯೂ ಬೀಳಲಿಲ್ಲ. ಸಿಕ್ಕು ಬಿಡಿಸುತ್ತಿದ್ದಾಗ ಇಪೆಕ್ ತಿರುಗಿ ಕೇಳಿದಳು, "ಒಂದು ಕೇಳ್ಲಾ?"

"ಕೇಳು."

"...ಬೇಡ ಬಿಡಿ."

ಮರುದಿನವೂ ಬಂದರು. ಅದರ ಮರುದಿನವೂ. ಅವನ ಹೆಸರು ಇಲ್ಹಾಮಿ ಎಂದು ತಿಳಿಯಿತು. ಮಗಳನ್ನು ಒಳಗೆ ಬಿಟ್ಟು ನದಿಯ ದಂಡೆಯ ಚಹದಂಗಡಿಯಲ್ಲಿ ಕೂರುತ್ತಿದ್ದ. ಒಂದು ದಿನ ಗಸಗಸೆ ಬನ್ನು ತಂದುಕೊಟ್ಟ. ಒಂದು ದಿನ ಬಾಗಿಲ ಸಡಿಲ ಮೊಳೆ ಬಡಿದುಕೊಟ್ಟ. ಕೊಡುವಾಗ ಕಣ್ಣು ಒಂದು ಹೇಳುತ್ತಿತ್ತು, ಬಾಯಿ ಮಾತ್ರ...

"ನಿಮ್ಮ ಕೈ ತಣ್ಣಗಿರಲಿ, ಅಕ್ಕಾ."

ಪ್ರತಿ ಸಲವೂ ಪೆರಿಹಾನ್‌ಳ ಎದೆಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಈ ಊರಿನಲ್ಲಿ ಒಬ್ಬ ಗಂಡಸು ಒಬ್ಬಳನ್ನು ಅಕ್ಕ ಎಂದನೆಂದರೆ ಮುಗಿಯಿತು. ಅದು ಬಾಗಿಲಿಗೆ ಹಾಕಿದ ಚಿಲಕ.

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮುಕದ್ದೆಸ್ ಚಿಕ್ಕಮ್ಮ ಎಲ್ಲ ನೋಡುತ್ತಿದ್ದಳು.

"ಏನೇ, ಆ ಕ್ರೇನಿನವನು ನಿನ್ನನ್ನೂ ಎತ್ತಿಟ್ನಾ?"

"ಸುಮ್ನಿರು ಚಿಕ್ಕಮ್ಮ! ಅವನಿಗೆ ನಾನು ಅಕ್ಕ."

"ಅಯ್ಯೋ! ನಮ್ಮ ಯಜಮಾನರು ಮೂರು ತಿಂಗಳು ನನಗೆ ತಂಗಿ ಅಂತಿದ್ರು. ಈಗ ಮೊಮ್ಮಕ್ಕಳು ಏಳು!"

ಪೆರಿಹಾನ್ ನಗಲಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದ ಹದಿನಾಲ್ಕು ವರ್ಷದಲ್ಲಿ ಎಷ್ಟು ಮದುವಣಗಿತ್ತಿಯರನ್ನು ಈ ಕೈಗಳು ಮೀಯಿಸಿದ್ದವು! ಅವರ ಸುತ್ತ ಹಾಡು, ದೀಪ, ಗೆಳತಿಯರು. ಎಲ್ಲ ಮುಗಿದ ಮೇಲೆ ನೆಲ ತೊಳೆಯುವವಳು ಪೆರಿಹಾನ್. ಯಾವತ್ತೂ ಅಸೂಯೆ ಆಗಿರಲಿಲ್ಲ. ಈಗ ಯಾಕೆ ನೆನಪಾಗುತ್ತಿದೆ?

ನಾಲ್ಕನೆಯ ದಿನ ಅವನು ಮತ್ತೆ "ಅಕ್ಕಾ" ಎಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಹೋಗಿ ಬನ್ನಿ, *ಅಣ್ಣಾ*!"

ಒತ್ತಿ ಒತ್ತಿ ಹೇಳಿದಳು. ಇಲ್ಹಾಮಿಯ ಮುಖದ ನಗು ಹಾಗೇ ಇಳಿದುಹೋಯಿತು. ತಲೆ ತಗ್ಗಿಸಿ ನಡೆದುಬಿಟ್ಟ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಐದನೆಯ ದಿನ ಅವನು ಬರಲೇ ಇಲ್ಲ! ಅವರು ತಂಗಿದ್ದ ಮನೆಯ ಒಡತಿ ಇಪೆಕ್‌ಳನ್ನು ಬಾಗಿಲವರೆಗೆ ಬಿಟ್ಟು, "ಇವತ್ತು ಎರಡು ಗಂಟೆ ಬಸ್ಸಿಗೆ ಹೊರಡ್ತಾರಂತೆ. ಕೊನೆ ಸ್ನಾನ. ಅಪ್ಪ ಚಹದಂಗಡೀಲಿ ಕಾಯ್ತಿರ್ತಾರೆ," ಎಂದು ಹೇಳಿ ಹೋದಳು.

ಎರಡು ಗಂಟೆಗೆ... ಪೆರಿಹಾನ್‌ಳ ಕೈಯಿಂದ ಬಟ್ಟಲು ಎರಡು ಸಲ ಜಾರಿ ನೆಲಕ್ಕೆ ಬಿದ್ದು ಗುಮ್ಮಟವೆಲ್ಲ ಗಣಗಣ ಎಂದಿತು. ಬೇಕರಿಯವನ ಹೆಂಡತಿ ಕಟ್ಟೆಯ ಮೇಲಿಂದ ಚೀರಿದಳು.

"ಬೆನ್ನು ಉಜ್ಜು ಅಂದ್ರೆ ಚರ್ಮಾನೇ ಸುಲೀತೀಯಲ್ಲೇ! ನಿನ್ನ ಗಮನ ಎಲ್ಲಿದೆ?"

'ಎಲ್ಲಿದೆ? ಹೇಳಿದರೆ ನಗುತ್ತೀರಿ...'

ಇಪೆಕ್‌ಳ ಕೂದಲು ಒರೆಸುವಾಗ ಹುಡುಗಿ ತಾನಾಗಿಯೇ ಬಾಯಿಬಿಟ್ಟಳು.

"ಅಪ್ಪ ಗಡ್ಡ ಮಾಡ್ಕೊಳ್ಳುವಾಗ ಕನ್ನಡಿ ಹತ್ರ ಮಾತಾಡ್ತಾರೆ."

"ಏನಂತ?"

"'ಪೆರಿಹಾನ್ ಅವರೇ'. ಆಮೇಲೆ ಇನ್ನೊಂದು ಸಲ, ಮೆಲ್ಲಗೆ, 'ಪೆರಿಹಾನ್'. ಆಮೇಲೆ ಗಾಯ ಮಾಡ್ಕೋತಾರೆ. ಇಲ್ಲಿಗೆ ಬಂದ್ರೆ ಮಾತ್ರ ಅಕ್ಕಾ ಅಂತಾರೆ! ನಿನ್ನೆಯಿಂದ ಕನ್ನಡಿ ಹತ್ರಾನೂ ಮಾತಾಡ್ತಿಲ್ಲ."

ಟವೆಲ್ಲು ಪೆರಿಹಾನ್‌ಳ ಕೈಯಲ್ಲೇ ನಿಂತಿತು.

ಗಡಿಯಾರದಲ್ಲಿ ಒಂದೂವರೆ.

ಒದ್ದೆ ಬಟ್ಟೆಯ ಮೇಲೆಯೇ ಕೋಟು ಎಳೆದುಕೊಂಡಳು. ತಲೆಗೆ ಸಿಕ್ಕಿದ ವಸ್ತ್ರ ಸುತ್ತಿದಳು. ಮಗುವಿನ ಕೈ ಹಿಡಿದಳು.

"ಎಲ್ಲಿಗೇ? ಒಳಗೆ ಜನ ಕಾಯ್ತಿದ್ದಾರೆ!" ಮುಕದ್ದೆಸ್ ಚಿಕ್ಕಮ್ಮ ಕೂಗಿದಳು.

"ನೀನೇ ಉಜ್ಜು ಚಿಕ್ಕಮ್ಮ!"

"ಹೋಗು, ಹೋಗು ಮಾರಾಯ್ತಿ... ಇಷ್ಟು ಹೊತ್ತು ಬೇಕಾಯ್ತಾ!"

ಸೇತುವೆ ದಾಟುವಾಗ ಹೆಜ್ಜೆ ಎರಡು ಸಲ ನಿಧಾನವಾಯಿತು. ಹಮಾಮಿನ ಹೆಂಗಸು ಒದ್ದೆ ತಲೆಯಲ್ಲಿ ಚಹದಂಗಡಿಗೆ, ಅದೂ ಗಂಡಸೊಬ್ಬನ ಮೇಜಿಗೆ... ಸಂಜೆಯೊಳಗೆ ಊರೆಲ್ಲ ಸುದ್ದಿ. ಅವನು ಒಲ್ಲೆ ಅಂದುಬಿಟ್ಟರೆ?

ಇಲ್ಹಾಮಿ ಕಾಲ ಬಳಿ ಚೀಲಗಳನ್ನಿಟ್ಟುಕೊಂಡು ನೀರು ನೋಡುತ್ತ ಕುಳಿತಿದ್ದ. ಮುಂದೆ ಮೂರು ಖಾಲಿ ಚಹದ ಲೋಟಗಳು.

"ಇಲ್ಹಾಮಿ ಅವರೇ."

ಅವನು ದಡಕ್ಕನೆ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಆ ಕಡೆ ಪಗಡೆಯಾಡುತ್ತಿದ್ದ ಮುದುಕರ ಕೈ ನಿಂತಿತು.

"ಅಕ್..." ಎಂದವನು ನಾಲಿಗೆ ಕಚ್ಚಿಕೊಂಡ.

"ಅದನ್ನೇ ಹೇಳೋಕೆ ಬಂದೆ," ಪೆರಿಹಾನ್ ಹೇಳಿದಳು. "ಆ ಮಾತು ನನಗೆ ಬೇಡ. ನಾನು ನಿಮ್ಮ ಅಕ್ಕ ಅಲ್ಲ. ಆಗೋ ಮನಸ್ಸೂ ಇಲ್ಲ."

"ನೋಡೋ ಮೊದಲೇ ಅಂದುಬಿಟ್ಟೆ," ಅವನು ಮೆಲ್ಲನೆ ಹೇಳಿದ. "ಗೋಡೆಗೆ ಮುಖ ಮಾಡಿದ್ನಲ್ಲ... ಒಳಗಿರೋರು ಯಾರೋ ಹಿರಿಯರು ಅಂದುಕೊಂಡೆ. ತಿರುಗಿದಾಗ ನೀವು. ಅಂದ ಮಾತನ್ನ ವಾಪಸ್ ತಗೊಳ್ಳೋದು ಹೇಗೆ ಅಂತ ತಿಳೀಲಿಲ್ಲ. ದಿನಾ ಅಂದುಕೊಂಡು ಬರ್ತಿದ್ದೆ, ಇವತ್ತು ಹೆಸರು ಹಿಡಿದು ಕರೀತೀನಿ ಅಂತ. ಅಷ್ಟರಲ್ಲಿ ನೀವು ಅಣ್ಣ ಅಂದ್ರಿ. ನನಗೆ ಜಾಗ ಇಲ್ಲ ಅಂದುಕೊಂಡೆ."

"ಸಿಟ್ಟಿಗೆ ಅಂದೆ!"

"ನಿಜವಾಗ್ಲೂ?"

"ನಿಮ್ಮ ಬಸ್ಸು..."

"ಹೋಗಲಿ ಬಿಡಿ. ರಜೆ ಇನ್ನೂ ಎರಡು ದಿನ ಇದೆ. ಇಲ್ಲಿ ಕೂತಿರೋಕೆ ಆಗ್ತಿರ್ಲಿಲ್ಲ, ಅದಕ್ಕೇ ಓಡಿಹೋಗ್ತಿದ್ದೆ." ಅವನು ಬಿದ್ದ ಕುರ್ಚಿ ಎತ್ತಿ ಅವಳಿಗಾಗಿ ಸರಿಸಿಟ್ಟ. "ಕೂತ್ಕೊಳ್ತೀರಾ... ಪೆರಿಹಾನ್?"

ಆ ಹೆಸರು ತನ್ನದೇ ಎಂದು ನಂಬಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಕಣ್ಣು ತುಂಬಿ ಬಂತು. ಕುಳಿತಳು.

ಇಪೆಕ್ ಅಪ್ಪನ ಮುಖ ನೋಡಿದಳು, ಅವಳ ಮುಖ ನೋಡಿದಳು. ಐದು ದಿನದಿಂದ ನಾಲಿಗೆಯ ತುದಿಗೆ ಬಂದು ವಾಪಸಾಗುತ್ತಿದ್ದ ಮಾತು ಅದು. ಇಬ್ಬರ ನಡುವೆ ಬಂದು ಮೇಜಿಗೆ ಗದ್ದವೂರಿ ನಿಂತಳು. ಪಗಡೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿಯೇಬಿಟ್ಟಳು:

"ಅಪ್ಪನಿಗೆ ನೀವು ಅಕ್ಕ ಅಲ್ಲ ಅಂದ್ರೆ, ನನಗೆ ಅತ್ತೆ ಅಲ್ಲ ತಾನೇ? ಹಾಗಾದ್ರೆ... ನಾನು ನಿಮ್ಮನ್ನ ಏನಂತ ಕರೀಲಿ?"