ಪುಟ್ಟಮಲ್ಲಪ್ಪನ ಜೋಡುನಳಿಗೆ ಕೋವಿ

"ಅದಕ್ಕೆ ಕೈ ಹಾಕ್ಬೇಡಿ ಸಾರ್. ಅದು ಮಾರೋಕೆ ಇಟ್ಟಿರೋದಲ್ಲ," ಎಂದರು ಇಮಾಮ್ ಸಾಬ್.

ಕನಕರಾಜು ಆಗಲೇ ಬೀರುವಿನ ಬಾಗಿಲು ತೆಗೆದಾಗಿತ್ತು. ಹುಣಸೂರಿನ ಆ ಕೋವಿ ಅಂಗಡಿಯಲ್ಲಿ ಹಗಲಲ್ಲೂ ಮಬ್ಬು. ಗ್ರೀಸು, ಎಣ್ಣೆಬಟ್ಟೆ, ಉಜ್ಜಿದ ಕಬ್ಬಿಣದ ವಾಸನೆ ಗೋಡೆಗಳಿಗೇ ಹಿಡಿದಿತ್ತು. ಬೆಳೆ ಕಾಯಲು ಲೈಸೆನ್ಸಿಗೆ ಅರ್ಜಿ ಹಾಕಿ, ವರ್ಷ ಅಲೆದು, ಕೊನೆಗೂ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಕನಕರಾಜುವಿಗೆ ಸಾಬರು ಒಂದು ಗಂಟೆಯಿಂದ ಹೊಸ ಒಂಟಿನಳಿಗೆಯೊಂದನ್ನು ತೋರಿಸುತ್ತಿದ್ದರು. ಅದರ ಹಿಡಿಯ ತುದಿಯನ್ನು ಅವನ ಮೊಣಕೈ ಮಡಿಕೆಗೆ ಒತ್ತಿ, ತೋರುಬೆರಳು ಟ್ರಿಗರಿಗೆ ಸಲೀಸಾಗಿ ಸಿಗುತ್ತದೆಯೇ ಎಂದು ಅಳೆದಿದ್ದರು. ಕೋವಿಯನ್ನು ಮಡಿಚಿ ನಳಿಗೆಯೊಳಗೆ ಬೆಳಕು ಬಿಟ್ಟು ತೋರಿಸಿದ್ದರು.

"ಹಂದಿ ಓಡ್ಸೋಕೆ ಇದು ಸಾಕು ಸಾರ್. ಹಗುರವಾಗಿದೆ. ನಿಮ್ಮ ತೋಳಿಗೂ ಸರಿಯಾಗಿದೆ."

ಕನಕರಾಜುವಿನ ಕಣ್ಣು ಮಾತ್ರ ಬೀರುವಿನೊಳಗಿದ್ದ ಜೋಡುನಳಿಗೆಯನ್ನು ಬಿಟ್ಟು ಕದಲಲಿಲ್ಲ. ಜೇನಿನ ಬಣ್ಣದ ಹಳೆಯ ಮರ. ನಳಿಗೆಗಳ ಬುಡದಲ್ಲಿ, ಹಿಂದಕ್ಕೆ ಎಳೆದು ನಿಲ್ಲಿಸುವ ಎರಡು ಕುದುರೆಗಳು ಕಿವಿ ಮಡಿಚಿ ಮಲಗಿದ ಪ್ರಾಣಿಗಳಂತಿದ್ದವು.

"ಯಾರದು ಸಾಬ್ರೇ ಇದು?"

ಸಾಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಪುಟ್ಟಮಲ್ಲಪ್ಪಂದು. ಅಣ್ಣ ತಮ್ಮ ಭಾಗ ಆದಾಗ ಕೋವಿ ಅಣ್ಣನಾದ ಇವನ ಪಾಲಿಗೆ ಬಂತು. ತಮ್ಮನಿಗೆ ತಡ್ಕೊಳ್ಳೋಕಾಗ್ಲಿಲ್ಲ. ಕೇರಳದ ಕಡೆಯಿಂದ ಒಬ್ಬ ಮಾಟಗಾರನ್ನ ಕರೆಸ್ದ. ಅಣ್ಣ ಊರಲ್ಲಿಲ್ಲದಾಗ ಕೋವೀನ ಸುಡುಗಾಡಿಗೆ ಎತ್ಕೊಂಡೋಗಿ, ತನ್ನ ಹೊಟ್ಟೇಲಿದ್ದ ಕಿಚ್ಚನ್ನೆಲ್ಲ ನಳಿಗೆಗೆ ಬಾಯಿಟ್ಟು ಹೇಳ್ದ. ಅಣ್ಣ ಹಾಳಾಗ್ಲಿ ಅಂತ. ಆದ್ರೆ ಅಣ್ಣನ ಹೊಟ್ಟೇಲೂ ಕಿಚ್ಚಿತ್ತಲ್ಲ ಸಾರ್, ತಮ್ಮನ ಮೇಲೆ. ಒಂದಿನ ಅಣ್ಣ ಮುಂದೆ ಓಡ್ತಿದ್ದ ಹಂದಿಗೆ ಹೊಡೆದ ಏಟು, ಪಕ್ಕದಲ್ಲಿ ನಿಂತಿದ್ದ ತಮ್ಮನ ಎದೆಗೆ ಹೋಯ್ತು."

"ಕೈ ಜಾರಿರಬೇಕು."

"ಕೋರ್ಟಲ್ಲೂ ಹಂಗೇ ಆಯ್ತು. ಆದ್ರೆ ಸಾಯೋವರೆಗೂ ಪುಟ್ಟಮಲ್ಲಪ್ಪ ಹೇಳಿದ್ದು ಒಂದೇ ಮಾತು. ಹಿಡಿದೋನ ಹೊಟ್ಟೆ ಯಾರನ್ನ ನೋಡಿ ಉರೀತದೋ, ಕೋವಿ ಅವರ ಕಡೆಗೇ ತಿರುಗ್ತದೆ ಅಂತ. ಸರ್ಕಾರಕ್ಕೆ ಒಪ್ಪಿಸೋಣ ಅಂತ ಇಟ್ಟಿದೀನಿ. ಬೇಡ ಸಾರ್."

ಕನಕರಾಜು ಗಟ್ಟಿಯಾಗಿ ನಕ್ಕ. "ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಸಾಬ್ರೇ."

ಇಮಾಮ್ ಸಾಬ್ ನಗಲಿಲ್ಲ. "ಎಲ್ರೂ ಹಂಗೇ ಅಂದ್ಕೊಂಡಿರ್ತಾರೆ," ಎಂದರು.

ಕನಕರಾಜು ಮಿರ್ಲೆ ಕಡೆಯ ಗದ್ದೆ ಬಯಲಿನವನು. ಹೆಂಡತಿ ಮೀನಾಳ ಪಾಲಿಗೆ ಬಂದ ಹೊಲ ನೋಡಿಕೊಳ್ಳಲು ಮೂರು ವರ್ಷದ ಹಿಂದೆ ಪಿರಿಯಾಪಟ್ಟಣದ ಗಡಿಯ ಹಳ್ಳಿಗೆ ಬಂದಿದ್ದ. ಅಲ್ಲಿಂದ ನೋಡಿದರೆ ಕೊಡಗಿನ ಬೆಟ್ಟಗಳು ಕಾಣುತ್ತವೆ. ಇನ್ನೂ ಹತ್ತಿರ ನೋಡಿದರೆ ನೆರೆಯ ರೈತ ಸ್ವಾಮಿಯ ಹೊಲ ಕಾಣುತ್ತದೆ. ಸ್ವಾಮಿಯ ಹೊಗೆಸೊಪ್ಪು, ಕಾವು ಕೊಟ್ಟು ಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ಬಂಗಾರದ ಬಣ್ಣಕ್ಕೆ ಹದವಾಗಿ ಹೊರಬರುತ್ತಿತ್ತು. ಕನಕರಾಜುವಿನದು ಕಂದಿ ಕಪ್ಪಾಗುತ್ತಿತ್ತು. ಸ್ವಾಮಿಯ ಹಳ್ಳಿಕಾರ್ ಎತ್ತುಗಳನ್ನು ನೋಡಲು ಕೆ.ಆರ್. ನಗರದಿಂದ ಜನ ಬರುತ್ತಿದ್ದರು. ಪ್ರತಿ ವರ್ಷ ಊರಿನ ಸಂಘದವರು ನಡೆಸುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಸ್ವಾಮಿಯ ಜೋಡುನಳಿಗೆಯೇ ಗೆಲ್ಲುತ್ತಿತ್ತು. ಇಷ್ಟಾಗಿಯೂ ಸ್ವಾಮಿ ಒಳ್ಳೆಯವನು. ಬ್ಯಾರನ್ನಿಗೆ ಬೆಂಕಿ ಹದ ಮಾಡುವುದನ್ನು ಹೇಳಿಕೊಟ್ಟವನು, ಮೊದಲ ವರ್ಷ ಸಸಿ ಕೊಟ್ಟವನು. ಕನಕರಾಜುವಿಗೆ ಸಹಿಸಲಾಗದಿದ್ದುದು ಅದೇ.

ಸಾಬರು ಕೊಡದಿದ್ದರೇನು, ಅವನು ನೇರ ಪುಟ್ಟಮಲ್ಲಪ್ಪನ ಹೆಂಡತಿ ಚಿಕ್ಕಸಿದ್ದಮ್ಮನ ಮನೆಗೆ ಹೋದ. ಮುದುಕಿ ಕೇಳಿದ ಕಡೆಯಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು.

"ತಕ್ಕೊಂಡೋಗಿ. ನಮ್ಮಟ್ಟಿ ಮುಂದಕ್ಕೆ ಮಾತ್ರ ಅದನ್ನ ತರಬ್ಯಾಡಿ."

ತಿಂಗಳೊಪ್ಪತ್ತಿನಲ್ಲಿ ಕಾಗದಪತ್ರ ಮುಗಿದು ಕೋವಿ ಅವನ ಹೆಸರಿಗೆ ಬಂತು.

ಮೊದಲ ಸಲ ಅದನ್ನು ಎತ್ತಿದ್ದು ಒಂದು ಸಂಜೆ, ಹೊತ್ತು ಮುಳುಗುವ ಮೊದಲು. ಮುಸುಕಿನ ಜೋಳದೊಳಗೆ ಹಂದಿಗಳು ನುಗ್ಗಿದ್ದವು. ತೆನೆ ಮುರಿಯುವ ಲಟಲಟ ಸದ್ದು, ಕೆದಕಿದ ಹಸಿಮಣ್ಣಿನ ವಾಸನೆ. ಕೊಲ್ಲುವುದಕ್ಕಲ್ಲ, ಬೆದರಿಸುವುದಕ್ಕಷ್ಟೇ ಎಂದು ಕನಕರಾಜು ನಳಿಗೆಯನ್ನು ಆಕಾಶಕ್ಕೆ ಎತ್ತಿದ. ಅದೇ ಹೊತ್ತಿಗೆ ದೂರದಲ್ಲಿ, ಎರಡು ಹೊಲ ದಾಟಿ, ಗಂಟೆ ಸದ್ದು ಕೇಳಿತು. ಸ್ವಾಮಿ ಎತ್ತುಗಳನ್ನು ಕೆರೆಯಲ್ಲಿ ತೊಳೆದು ಹೊಡೆದುಕೊಂಡು ಬರುತ್ತಿದ್ದ. ಇಳಿಬಿಸಿಲಿಗೆ ಅವುಗಳ ಮೈ ಬೆಳ್ಳಿಯಂತೆ ಹೊಳೆಯಿತು.

ಕನಕರಾಜುವಿನ ಹೊಟ್ಟೆಯಲ್ಲಿ ಚುರ್ ಎಂದಿತು.

ಟಕ್.

ಅವನು ಎಳೆದಿರಲಿಲ್ಲ. ಬಲಗಡೆಯ ಕುದುರೆ ತಾನಾಗಿ ಹಿಂದಕ್ಕೆ ಎದ್ದು ನಿಂತಿತ್ತು. ಕೂದಲು ಸುಟ್ಟಂಥ ಕಮಟು ವಾಸನೆ ಮೂಗಿಗೆ ಬಡಿಯಿತು. ಕೋವಿ ಕೈಯಲ್ಲಿ ಹೊರಳಿದಂತಾಯಿತು. ಢಂ! ಹಂದಿಗಳು ಚೆದುರಿ ಓಡಿದವು. ಹೊಗೆ ಸರಿದಾಗ ಎರಡು ಹೊಲದಾಚೆ ಒಂದು ಎತ್ತು ಮಾತ್ರ ನಿಂತಿತ್ತು.

ಸ್ವಾಮಿ ನೆಲದಲ್ಲಿ ಕೂತು, ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ಕುತ್ತಿಗೆಯಲ್ಲಿ ಚರೆಯ ಗಾಯ. ಓಡಿಬಂದ ಕನಕರಾಜುವನ್ನು ಅವನು ಅನುಮಾನಿಸಲೂ ಇಲ್ಲ.

"ನಿಮ್ಮ ಕೋವಿ ಚರೆ ಇಷ್ಟು ದೂರ ಬರಾಕಿಲ್ಲ ಕನಕಣ್ಣ. ಯಾರೋ ಕಳ್ಳಬೇಟೆಯೋರು. ಮೂಕಪ್ರಾಣಿ ಕಣಣ್ಣ... ಏನ್ ಮಾಡಿತ್ತು ಇದು?"

ಕನಕರಾಜು ಸ್ವಾಮಿಯ ಬೆನ್ನು ಸವರಿದ. ನಿಜ ಹೇಳಲು ಬಾಯಿ ತೆರೆದ, ಮುಚ್ಚಿಕೊಂಡ. ಮನೆಗೆ ಬಂದು ಕೋವಿಯನ್ನು ಮಡಿಚಿ, ಖಾಲಿ ತೋಟಾ ತೆಗೆದು, ನಳಿಗೆಯೊಳಗೆ ಇಣುಕಿದ. ಒಳಗೆ ಏನೋ ಗುಸುಗುಡುತ್ತಿತ್ತು. ಕಿವಿ ಇಟ್ಟ. ತಣ್ಣನೆಯ ಉಕ್ಕಿನ ಆಳದಿಂದ ಒಬ್ಬ ಗಂಡಸಿನ ಪಿಸುದನಿ ಬರುತ್ತಿತ್ತು. ಅವನ ಎತ್ತು. ಅವನ ಸೊಪ್ಪು. ಅವನ ಗುರಿ. ಎಲ್ಲ ಅವನಿಗೇ, ಎಲ್ಲ ಅವನಿಗೇ.

ಸತ್ತ ತಮ್ಮನ ದನಿಯಲ್ಲ. ಅದು ಕನಕರಾಜುವಿನದೇ ದನಿ.

ಅಂದೇ ಕೋವಿಯನ್ನು ಸಾಬರಿಗೆ ಕೊಟ್ಟು ಬರಬೇಕಿತ್ತು. ಬೀರುವಿನಲ್ಲಿಟ್ಟು ಬೀಗ ಹಾಕಿದ. ಒಂಟಿ ಎತ್ತಿನ ಸ್ವಾಮಿಯನ್ನು ನೋಡಿದಾಗಲೆಲ್ಲ ಅವನ ಎದೆ ಹಗುರವಾಗುತ್ತಿತ್ತು. ಹಾಗೆ ಹಗುರವಾಗುವುದು ಅವನಿಗೇ ಹೇಸಿಗೆ ಹುಟ್ಟಿಸುತ್ತಿತ್ತು. ಆದರೂ ಹಿತವಾಗಿತ್ತು.

ಪಂದ್ಯದ ದಿನ ಬಂತು. ತೆಂಗಿನಕಾಯಿಯ ಮೇಲೆ ಯಾರಿಗೆ ಕಿಚ್ಚು ಎಂದುಕೊಂಡು ಕನಕರಾಜು ಬೀಗ ತೆಗೆದು ಅದೇ ಕೋವಿಯನ್ನು ಹೊರತೆಗೆದ. ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದ ಮಗಳು ಹರ್ಷಿತಾ ರಜೆಗೆ ಬಂದಿದ್ದಳು. ಎನ್‌ಸಿಸಿಯಲ್ಲಿ ರೈಫಲ್ ಕಲಿತವಳು. ಸಂಘದವರ ರೈಫಲ್ ಹಿಡಿದು ತಾನೂ ಸಾಲಿನಲ್ಲಿ ನಿಂತಳು. ಬಯಲಿನಾಚೆ ಮರದ ಕೊಂಬೆಗೆ ಕಾಯಿ ಕಟ್ಟಿದ್ದರು. ಮೈಕು ಕಿರುಚುತ್ತಿತ್ತು, ಬೋಂಡದ ಎಣ್ಣೆ ಕಮಟು, ಮದ್ದಿನ ಹೊಗೆ.

ಎತ್ತು ಸತ್ತ ಮೇಲೆ ಸ್ವಾಮಿಗೆ ಗುರಿಯ ಮೇಲೆ ಮನಸ್ಸಿರಲಿಲ್ಲ. ಮೂರು ಗುಂಡೂ ತಪ್ಪಿದವು. ಈ ಸಲ ತನ್ನದೇ ಎಂದುಕೊಂಡ ಕನಕರಾಜು. ಒಂದು ತಗುಲಿತು, ಎರಡು ತಪ್ಪಿದವು. ಹರ್ಷಿತಾ ಉಸಿರು ಹಿಡಿದು ಮೂರು ಸಲ ಹೊಡೆದಳು. ಮೂರು ಕಾಯಿಗಳೂ ಹೋಳಾದವು.

ಬಯಲೆಲ್ಲ ಕೇಕೆ. ತಿಂಗಳಿಂದ ನಗದ ಸ್ವಾಮಿ ನಕ್ಕ. ಅವಳ ಕೈ ಹಿಡಿದು ಮೇಲೆತ್ತಿದ. ಯಾರೋ ಕೂಗಿದರು: "ಈ ಮಗ ಗುರಿ ಕಲ್ತಿದ್ದು ಅಪ್ಪನ ತಾವಂತೂ ಅಲ್ಲ ಬುಡ್ರಲಾ!" ಎಲ್ಲರೂ ನಕ್ಕರು. ಮೀನಾ ಕೂಡ ನಕ್ಕಳು.

ಕನಕರಾಜುವೂ ನಕ್ಕ. ಚಪ್ಪಾಳೆ ತಟ್ಟಲು ಹೋದ. ಆಗ ಹೊಟ್ಟೆಯಲ್ಲಿ ಚುರ್ ಎಂದಿತು.

ಮಡಿಚಿ ಕಂಕುಳಲ್ಲಿ ಇರುಕಿಕೊಂಡಿದ್ದ ಕೋವಿ ನಿಧಾನವಾಗಿ ಭಾರವಾಯಿತು. ಹರ್ಷಿತಾ ನಿಂತ ಕಡೆಗೆ ವಾಲಿತು.

ಅವನು ಯಾರಿಗೂ ಹೇಳದೆ ಗುಂಪಿನಿಂದ ಹೊರಬಿದ್ದ. ತೋಟಾಗಳನ್ನೆಲ್ಲ ದಾರಿಯ ಹಾಳುಬಾವಿಗೆ ಎಸೆದ. ಜೇಬುಗಳನ್ನು ಒಳಹೊರಗು ಮಾಡಿ ನೋಡಿದ. ನಳಿಗೆಗಳ ಬುಡಕ್ಕೆ ಬೆರಳಿಟ್ಟು, ಖಾಲಿ ಎಂದು ಖಚಿತ ಮಾಡಿಕೊಂಡು ಕೋವಿಯನ್ನು ಮುಚ್ಚಿದ. ಬೈಕು ಓಡಿಸಿಕೊಂಡು ನೇರ ಹೊಲದ ಬ್ಯಾರನ್ನಿಗೆ ಬಂದ. ಒಲೆ ಉರಿಯುತ್ತಿತ್ತು. ಹಿಡಿಯನ್ನು ಬಿಚ್ಚಿ ಆ ಒಲೆಗೆ ಹಾಕಬೇಕು, ನಳಿಗೆಯನ್ನು ಸುತ್ತಿಗೆಯಲ್ಲಿ ಜಜ್ಜಬೇಕು. ಸಾಮಾನೆಲ್ಲ ಪಕ್ಕದ ಸೊಪ್ಪಿನ ಕೋಣೆಯಲ್ಲಿತ್ತು. ಸೊಪ್ಪು ಒಣಗಿ ಪುಡಿಯಾಗಬಾರದೆಂದು ಕಿಟಕಿಯೇ ಇಡದ ಕೋಣೆ. ಹೊರಗೆ ಮಧ್ಯಾಹ್ನದ ಬಿಸಿಲಿದ್ದರೂ ಒಳಗೆ ಕಗ್ಗತ್ತಲೆ. ಹೊಗೆಸೊಪ್ಪಿನ ಘಾಟು ಗಂಟಲು ಹಿಂಡುತ್ತಿತ್ತು. ಅವನು ಮೊಣಕಾಲೂರಿ ಸ್ಕ್ರೂಡ್ರೈವರ್‌ಗಾಗಿ ತಡಕಾಡಿದ.

"ಅಪ್ಪಾ?"

ಬಾಗಿಲ ಬೆಳಕಿನಲ್ಲಿ ಹರ್ಷಿತಾ ನಿಂತಿದ್ದಳು. ಕೊರಳಲ್ಲಿ ಹಾರ, ಕೈಯಲ್ಲಿ ಬೆಳ್ಳಿಬಣ್ಣದ ಬಹುಮಾನದ ಬಟ್ಟಲು.

"ಹೇಳ್ದೆ ಕೇಳ್ದೆ ಬಂದ್ಬುಟ್ಯಲ್ಲಪ್ಪ? ನೋಡು, ಮೊದ್ಲು ನಿಂಗೇ ತೋರಿಸ್ಬೇಕು ಅಂತ ಸ್ವಾಮಣ್ಣನ ಗಾಡೀಲಿ ಬಂದೆ."

ಟಕ್.

ಕತ್ತಲೆಯಲ್ಲಿ ಎಡಗಡೆಯ ಕುದುರೆ ಎದ್ದಿತು.

"ಹೋಗು," ಎಂದ ಕನಕರಾಜು. ಅವಳಿಗೆ ಕೇಳಿಸಲಿಲ್ಲ.

ಟಕ್. ಬಲಗಡೆಯದು.

ಕೋವಿ ಖಾಲಿ. ಅವನಿಗೆ ಗೊತ್ತು, ಖಾಲಿ. ಬೆರಳಿನಿಂದ ಮುಟ್ಟಿ ನೋಡಿದ್ದ. ಆದರೂ ಕಬ್ಬಿಣ ಬೆಚ್ಚಗಾಯಿತು. ಕೂದಲು ಸುಟ್ಟ ವಾಸನೆ ಸೊಪ್ಪಿನ ಘಾಟನ್ನು ಸೀಳಿಕೊಂಡು ಬಂತು. ನಳಿಗೆಯೊಳಗಿನ ಪಿಸುದನಿ ಕೋಣೆಯನ್ನೆಲ್ಲ ತುಂಬಿತು. ಅವಳ ಗುರಿ. ಅವಳ ಹಾರ. ಅವಳ ವಯಸ್ಸು. ಎಲ್ಲ ಅವಳಿಗೇ.

ಕೋವಿ ಏಳುತ್ತಿತ್ತು. ಬಲಗೈ ಅದಕ್ಕೆ ಅಂಟಿಕೊಂಡಿತ್ತು. ಬಿಡಿಸಲು ಆಗಲಿಲ್ಲ. ಬೆರಳು ಟ್ರಿಗರಿನ ಮೇಲೆ ತಾನಾಗಿ ಕೂತಿತು.

ಅವನು ಕಣ್ಣು ಮುಚ್ಚಿದ. ಇವಳು ನನ್ನ ಮಗಳು. ನೆನೆದುಕೊಂಡ. ಅವಳು ಹುಟ್ಟಿದ ದಿನ. ಮೀನಾ ಮಗುವನ್ನು ಎದೆಗೊತ್ತಿಕೊಂಡು ನೋಡಿದ ಆ ನೋಟ. ತನ್ನನ್ನು ಹಾಗೆ ಅವಳು ಎಂದೂ ನೋಡಿರಲಿಲ್ಲ. ಅಲ್ಲೂ ಚುರ್ ಎಂದಿತು. ಬೇರೆ ನೆನಪು ಹುಡುಕಿದ. ಅವಳ ಮೊದಲ ಬಹುಮಾನ. ತಾನು ಶಾಲೆಯಲ್ಲಿ ಎಂದೂ ಬಹುಮಾನ ಪಡೆದಿರಲಿಲ್ಲ. ಅಲ್ಲೂ ಇತ್ತು. ಎಲ್ಲ ನೆನಪಿನ ಅಡಿಯಲ್ಲೂ ಆ ಕಿಚ್ಚಿತ್ತು. ಆರಿಸಲು ನೀರೇ ಇರಲಿಲ್ಲ.

"ಏನಪ್ಪಾ? ಯಾಕಂಗೆ ನೋಡ್ತಿದ್ದೀ?"

"ಓಡು!"

ಅವಳು ಓಡಲಿಲ್ಲ. ಒಂದು ಹೆಜ್ಜೆ ಒಳಗಿಟ್ಟಳು. ನಳಿಗೆ ಅವಳ ಎದೆಯ ಮಟ್ಟಕ್ಕೆ ಬಂತು. ನಿಂತಿತು.

ಕನಕರಾಜು ಕೋವಿಯ ಹಿಡಿಯನ್ನು ಕಂಕುಳ ಹಿಂದಕ್ಕೆ ತಳ್ಳಿದ. ಎಡಗೈ ಚಾಚಿದ. ನಳಿಗೆಗಳ ಬಾಯಿಗೆ ಅಂಗೈ ಮುಚ್ಚಿದ. ಮೈಯ ಭಾರವನ್ನೆಲ್ಲ ಹಾಕಿ ನೆಲಕ್ಕೆ ಒತ್ತಿದ. ಕೋವಿ ಎತ್ತಿನಂತೆ ಕೊಸರಿತು. ಒತ್ತಿದ. ಹಲ್ಲು ಕಚ್ಚಿ ಒತ್ತಿದ.

ಎರಡೂ ನಳಿಗೆಗಳಿಂದ ಒಟ್ಟಿಗೇ ಗುಂಡು ಹಾರಿತು.

ಮೈಸೂರಿನ ಆಸ್ಪತ್ರೆಯಲ್ಲಿ ಎಡಗೈಯನ್ನು ಮಣಿಕಟ್ಟಿನಿಂದ ತೆಗೆದರು. ತೋಟಾ ಉಳಿದದ್ದು ಗಮನಿಸದೆ ಬಿಚ್ಚಲು ಹೋದಾಗ ಆದ ಆಕಸ್ಮಿಕ ಎಂದು ಬರೆದುಕೊಂಡು ಪೊಲೀಸರು ಕೋವಿಯನ್ನು ಒಯ್ದರು. ಹರ್ಷಿತಾಳಿಗೆ ಒಂದು ಗೀರೂ ಆಗಿರಲಿಲ್ಲ. ಅವಳು ಹುಣಸೂರಿಗೆ ಹೋಗಿ ಇಮಾಮ್ ಸಾಬರನ್ನು ಕಂಡು, ಕೋವಿಯ ಕತೆಯೆಲ್ಲ ಕೇಳಿಕೊಂಡು ಬಂದಳು. ಬಂದವಳು ಅಪ್ಪನ ಮಂಚದ ಪಕ್ಕ ಕೂತಳು.

"ಅಪ್ಪಾ, ಅವತ್ತು ಅದು ನನ್ ಕಡೆ ಯಾಕೆ ತಿರುಗ್ತು?"

ಕನಕರಾಜು ಗೋಡೆಯ ಕಡೆ ಮುಖ ಮಾಡಿದ. ಅವಳು ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ಒಮ್ಮೆ ಮುಟ್ಟಿ, ಎದ್ದು ಹೋದಳು.

ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ಅವನ ಸೊಪ್ಪನ್ನೂ ಸ್ವಾಮಿಯೇ ಹದ ಮಾಡಿದ. ಅದು ಬಂಗಾರದ ಬಣ್ಣಕ್ಕೆ ಬಂತು. ಎತ್ತಿನ ಸುದ್ದಿಯನ್ನು ಮಾತ್ರ ಕನಕರಾಜು ಹೇಳಲಿಲ್ಲ.

ಒಂದು ವರ್ಷ ಕಳೆಯಿತು. ಹರ್ಷಿತಾ ರಜೆಗೆ ಬರುತ್ತಾಳೆ, ಅಪ್ಪನಿಗೆ ಅನ್ನ ಕಲಸಿ ಕೊಡುತ್ತಾಳೆ, ಶರ್ಟಿನ ಗುಂಡಿ ಹಾಕುತ್ತಾಳೆ. ರೈಫಲ್ಲಿನ ಮಾತು ಎತ್ತುವುದಿಲ್ಲ. ಬಿಟ್ಟುಬಿಟ್ಟಿರಬೇಕು ಎಂದುಕೊಂಡಿದ್ದ ಕನಕರಾಜು.

ಮೊನ್ನೆ ಬೆಳಿಗ್ಗೆ ಗೊಬ್ಬರದ ವಿಷಯ ಕೇಳಲು ಸ್ವಾಮಿಯ ಮನೆಗೆ ಹೋದ. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ನಡುಮನೆಯ ಗೋಡೆಯ ಮೇಲೆ ಐದು ಪದಕಗಳು ಸಾಲಾಗಿ ತೂಗುತ್ತಿದ್ದವು. ಪಕ್ಕದಲ್ಲಿ ಚೌಕಟ್ಟು ಹಾಕಿದ ಫೋಟೋ. ರೈಫಲ್ ಹಿಡಿದ ಹರ್ಷಿತಾ, ಅವಳ ಹೆಗಲ ಮೇಲೆ ಕೈಯಿಟ್ಟು ನಗುತ್ತಿರುವ ಸ್ವಾಮಿ.

ಸ್ವಾಮಿ ತಡವರಿಸಿದ. "ಮಗಾನೇ ಹೇಳ್ತು ಕನಕಣ್ಣ. ಅಪ್ಪನ ಕಣ್ಣಿಗೆ ಬೀಳ್ಬಾರ್ದು, ನಿಮ್ಮನೇಲೇ ಇರ್ಲಿ ಅಂತು. ಯಾಕೆ ಅಂತ ನಾ ಕೇಳ್ನಿಲ್ಲ."

ಕನಕರಾಜುವಿನ ಹೊಟ್ಟೆಯಲ್ಲಿ ಚುರ್ ಎಂದಿತು. ಕೋವಿ ಇರಲಿಲ್ಲ. ಆದರೂ ಎಲ್ಲಿಂದಲೋ ಕೂದಲು ಸುಟ್ಟ ವಾಸನೆ ಬಂತು. ಬಲಗೈಯ ತೋರುಬೆರಳು ಗಾಳಿಯಲ್ಲಿ ನಿಧಾನವಾಗಿ ಮಡಿಚಿಕೊಳ್ಳತೊಡಗಿತು. ಹಿಡಿದು ನಿಲ್ಲಿಸಲು ಅವನಿಗೆ ಇನ್ನೊಂದು ಕೈ ಇರಲಿಲ್ಲ.

"ಬಾಗ್ಲು ಹಾಕ್ಕೊ ಸ್ವಾಮಿ," ಎಂದ. "ನಾನೋದ ಮೇಲೆ ಅಗಣಿ ಹಾಕ್ಕೊ. ಇನ್ಮೇಲೆ ನಾ ಎಷ್ಟು ಕರೆದ್ರೂ ತೆಗೀಬ್ಯಾಡ."