ಹದಿನಾಲ್ಕನೆಯ ಕಾಲಂ

ವಕೀಲಮ್ಮನಿಗೆ ಸಿಟ್ಟು ಬಂದರೆ ಬಾಯಿ ಮಾತಾಡುವುದಿಲ್ಲ, ಸ್ಟೇಪ್ಲರ್ ಮಾತಾಡುತ್ತದೆ. ಆ ಬೆಳಿಗ್ಗೆ ಅದರ ಸದ್ದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಮುಂದಿನ ಮೇಜಿನಲ್ಲಿ ಕೂತು ಟೋಕನ್ ಕೊಡುವ ಅವಳ ಒಡಹುಟ್ಟಿದ ಅಕ್ಕ, ಇವತ್ತು ಯಾರ ಗ್ರಹಚಾರ ಕೆಟ್ಟಿದೆಯೋ ಎಂದು ಗೊಣಗಿಕೊಂಡಳು.

ಕೆಟ್ಟಿದ್ದು ದುಭಾಷಿಯ ಗ್ರಹಚಾರ. ದೇಶ ಬಿಟ್ಟು ಬಂದವರ ಕಷ್ಟಗಳನ್ನು ನಾಲ್ಕು ವರ್ಷದಿಂದ ವಕೀಲಮ್ಮನ ಭಾಷೆಗೆ ತರುತ್ತಿದ್ದವನು. ಅವನೂ ಹಾಗೆಯೇ ಬಂದವನು, ವಾಸದ ಪರ್ಮಿಟ್ ಮೇಲೆ ಇದ್ದವನು. ಹೊಸ ವರ್ಷದಿಂದ ಹೊಸ ಕಾನೂನು. ಅಂಥ ಪರ್ಮಿಟ್‌ಗಳೆಲ್ಲ ರದ್ದು. ಡಿಸೆಂಬರ್ ಮುಗಿಯುವುದರೊಳಗೆ ಅರ್ಜಿ ಹಾಕಿ ಗೆಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅವನ ಪರವಾಗಿ ಹೇಳಬೇಕಾದ ವಾದವನ್ನು ವಕೀಲಮ್ಮ ಮನಸ್ಸಿನಲ್ಲೇ ಸಿದ್ಧಮಾಡಿ ಇಟ್ಟಿದ್ದಳು. ಅವನು ಬಂದು ಕೇಳಲಿ ಎಂದು ಕಾಯುತ್ತಿದ್ದಳು, ಅಷ್ಟೆ.

ನಾಲ್ಕು ವರ್ಷ! ಯಾರದೋ ಕಥೆಯನ್ನು ಅವನು ಹೇಳುತ್ತಿರುವಾಗ ಅವಳ ಪೆನ್ನು ನಿಂತುಬಿಡುತ್ತಿತ್ತು. ತಲೆ ಎತ್ತಿದರೆ ಅವನ ಕಣ್ಣು ಅವಳ ಮೇಲೆಯೇ. ಸಿಕ್ಕಿಬಿದ್ದ ಕೂಡಲೇ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದ. ಅಷ್ಟು ಶುಭ್ರವಾದ ಕನ್ನಡಕ ಆ ಇಡೀ ಬೀದಿಯಲ್ಲಿ ಇರಲಿಲ್ಲ.

ಆದರೆ ಅವನು ಕೇಳಲಿಲ್ಲ. ಎದುರು ಬೀದಿಯ ಹಿರಿಯ ವಕೀಲರು ತರ್ಜುಮೆಗೆಂದು ಅವನಿಗೆ ಇಲ್ಲಿಗೆ ಕಳಿಸುವ ಕಾಗದದ ಕಟ್ಟಿನಲ್ಲಿ ಅಂದು ಅವನದೇ ಅರ್ಜಿ ಬಂದಿತ್ತು. ಅವರ ಗುಮಾಸ್ತರು ಅಭ್ಯಾಸಬಲದಿಂದ ಅದನ್ನೂ ಸೇರಿಸಿಬಿಟ್ಟಿದ್ದರು. ಮೇಲೊಂದು ಚೀಟಿ: ‘ಹದಿನಾಲ್ಕನೆಯ ಕಾಲಂ ಖಾಲಿ. ಕೇಳಿದರೆ ಬಾಯಿ ಬಿಡುತ್ತಿಲ್ಲ.’

ಬೇರೆ ವಕೀಲರ ಫೈಲು ಓದಬಾರದು. ಅವಳು ಓದಿದಳು.

ಹನ್ನೊಂದಕ್ಕೆ ಬಂದವನ ಮುಂದೆ ಫೈಲು ತಳ್ಳಿದಳು. “ನನ್ನ ಮೇಲೆ ನಂಬಿಕೆ ಇಲ್ವಾ?”

ಅವನು ಬಾಗಿಲ ಪಕ್ಕದ ನೋಟೀಸು ತೋರಿಸಿದ. ಅವಳೇ ಬರೆದು ಅಂಟಿಸಿದ್ದು: ಈ ಕಚೇರಿಯವರು ಕಕ್ಷಿದಾರರೊಂದಿಗೆ ಕೇಸಿನ ಹೊರತು ಬೇರಾವ ಸಂಬಂಧವನ್ನೂ ಇಟ್ಟುಕೊಳ್ಳುವಂತಿಲ್ಲ. ಅದನ್ನೇ ಮೂರು ಭಾಷೆಗಳಲ್ಲಿ ಕೆಳಗೆ ಬರೆದವನು ಅವನು.

“ನೀವು ನನ್ನ ವಕೀಲರಾದ್ರೆ ನಾನು ನಿಮ್ಮ ಕಕ್ಷಿದಾರ ಆಗ್ತೀನಿ. ಆಮೇಲೆ ಏನೂ ಹೇಳೋ ಹಾಗಿರಲ್ಲ.”

“ಹೇಳೋದೇನಿತ್ತು?”

ಕನ್ನಡಕ ತೆಗೆದ. ಒರೆಸಲಿಲ್ಲ. “ನೀವಂದ್ರೆ ನಂಗೆ ಇಷ್ಟ. ನಿಮ್ಮಷ್ಟು ಚೆನ್ನಾಗಿ ವಾದ ಮಾಡೋರು ಇನ್ನೊಬ್ಬರಿಲ್ಲ, ಗೊತ್ತು. ಸೋತು ಹೋಗೋದಾದ್ರೂ ಇದನ್ನ ಹೇಳಿ ಹೋಗೋಣ ಅಂತಿದ್ದೆ.”

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಇರುವ ನೆಲವನ್ನೇ ಪಣಕ್ಕಿಟ್ಟಿದ್ದನಲ್ಲ ಈ ಪುಣ್ಯಾತ್ಮ, ಒಂದು ಮಾತು ಹೇಳುವುದಕ್ಕೋಸ್ಕರ! ಎದೆ ತುಂಬಿ ಬಂತು, ಜೊತೆಗೆ ಭಯವೂ ಆಯಿತು. ಕಾಲಂ ಖಾಲಿ ಬಿಡಬೇಡಿ, ಖಾಲಿ ಕಂಡರೆ ಅಧಿಕಾರಿಗಳು ಅರ್ಜಿ ತಳ್ಳಿಹಾಕುತ್ತಾರೆ ಎಂದು ಅವಳು ಕಕ್ಷಿದಾರರಿಗೆ ದಿನಕ್ಕೆ ಹತ್ತು ಸಲ ಹೇಳುವುದುಂಟು, ಅವನು ಹತ್ತು ಸಲ ತರ್ಜುಮೆ ಮಾಡುವುದುಂಟು. ಹದಿನಾಲ್ಕನೆಯದರಲ್ಲಿ ಇದ್ದ ಪ್ರಶ್ನೆ: ಈ ದೇಶದಲ್ಲಿ ನಿಮ್ಮವರು ಎಂದು ಯಾರಿದ್ದಾರೆ?

“ಸುಳ್ಳು ಬರೀಬಾರದು ಅಂತ ನೀವೇ ಹೇಳ್ಕೊಟ್ಟಿದ್ದು,” ಎಂದ ಮೆಲ್ಲಗೆ. “ಕೇಳದೆ ನಿಮ್ಮ ಹೆಸರು ಹೇಗೆ ಬರೀಲಿ?”

ಅವಳು ತನ್ನ ಪೆನ್ನನ್ನೇ ಅವನ ಕಡೆ ಸರಿಸಿದಳು. “ಈಗ ಕೇಳಿದ್ರಲ್ಲ, ಬರೀರಿ.”

ಹೊರಗೆ ಅಕ್ಕ, ಸ್ಟೇಪ್ಲರ್ ಸದ್ದು ಯಾಕೆ ನಿಂತಿತೆಂದು ಇಣುಕಿ ನೋಡಿ, ಮುಂದಿನ ಟೋಕನ್ನಿನವರಿಗೆ ಇನ್ನೊಂದು ಹತ್ತು ನಿಮಿಷ ಕೂತಿರಿ ಎಂದಳು.

ವಿಚಾರಣೆ ವರ್ಷದ ಕೊನೆಯ ವಾರ. ಕರಿ ಕೋಟು ಇಲ್ಲದೆ ಹಿಂದಿನ ಬೆಂಚಿನಲ್ಲಿ ಕೂತ ವಕೀಲಮ್ಮನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಿರಿಯರು ಒಂದು ಮುಖ್ಯ ಅಂಶ ಮರೆತಾಗ ತುಟಿ ಕಚ್ಚಿ ಹಿಡಿದಳು. ಪುಣ್ಯಕ್ಕೆ ಅವರಿಗೇ ನೆನಪಾಯಿತು. ಅಧಿಕಾರಿ ಪುಟ ತಿರುವಿ, ಹದಿನಾಲ್ಕರಲ್ಲಿ ಬರೆದಿರುವ ಹೆಸರಿನವರು ಬಂದಿದ್ದಾರೆಯೇ ಎಂದು ಕೇಳಿದರು. ಅವಳು ಎದ್ದು ನಿಂತಳು. ಎಷ್ಟೋ ವರ್ಷದಿಂದ ತಮ್ಮ ಮುಂದೆ ವಾದಿಸುತ್ತಿದ್ದವಳನ್ನು ಕಂಡು ಅವರ ಹುಬ್ಬು ಮೇಲೇರಿತು.

“ವಕೀಲರಾಗಿ ಎದ್ದಿದ್ದೀರಾ?”

“ಇಲ್ಲ ಸರ್. ಇವರು ನನ್ನವರು. ಅದಕ್ಕೇ ಹಿಂದೆ ಕೂತಿದ್ದೀನಿ.” ಆ ಕೋಣೆಯಲ್ಲಿ ಅವಳ ಸ್ವರ ನಡುಗಿದ್ದು ಅದೇ ಮೊದಲು.

ಆದೇಶ ಮಧ್ಯಾಹ್ನ ಬಂತು. ಪರ್ಮಿಟ್ ಒಂದು ವರ್ಷಕ್ಕೆ ಮಾತ್ರ. ಮುಂದಿನ ಡಿಸೆಂಬರಿಗೆ ಮತ್ತೆ ಇದೇ ಬಾಗಿಲು ತಟ್ಟಬೇಕು. ಅಷ್ಟಾದರೂ ಸಿಕ್ಕಿತಲ್ಲ ಎಂದು ಹಿರಿಯರು ಅವನ ಬೆನ್ನು ತಟ್ಟಿ ಹೋದರು.

ಮೆಟ್ಟಿಲಿಳಿಯುತ್ತ ಅವನು ನಗುತ್ತ ಕೇಳಿದ, ಬರುವ ವರ್ಷ ನೀವೇ ವಾದ ಮಾಡುತ್ತೀರಾ ಎಂದು.

“ಇನ್ನು ಯಾವತ್ತೂ ನಿಮ್ಮ ಕೇಸ್ ನಾನು ತಗೊಳ್ಳಲ್ಲ,” ಎಂದಳು ವಕೀಲಮ್ಮ, ಅವನ ಕೈ ಹಿಡಿದುಕೊಂಡು.